‘ಸಖತ್’ ಯಾರ ಪದ?

ನವೆಂಬರ್ ಬಂತೆಂದರೆ ನಮ್ಮ ಕಡೆಯ ಶಾಲಾ ಕಾಲೇಜುಗಳಲ್ಲಿ ಒಂದು ಸ್ಪರ್ಧೆ ಇದ್ದೇ ಇರುತ್ತದೆ: ಇಂಗ್ಲಿಷ್ ಬಳಸದೆ ಎರಡು ನಿಮಿಷ ಕನ್ನಡದಲ್ಲಿ ಮಾತಾಡಬೇಕು. ಅಂಥ ಒಂದು ಸ್ಪರ್ಧೆಯಲ್ಲಿ ಒಬ್ಬ ಹುಡುಗ ಗಗನಚುಕ್ಕಿಯ ಬಗ್ಗೆ ಚೆನ್ನಾಗಿ ಮಾತಾಡುತ್ತಿದ್ದವನು ‘ಸೂಪರ್’ ಎಂದುಬಿಟ್ಟ. ಔಟ್. ಅವನ ನಂತರ ಬಂದ ಹುಡುಗಿ ‘ಸಖತ್ತಾಗಿದೆ’ ಎಂದಳು. ಹಿಂದಿನ ಬೆಂಚಿನಿಂದ ಯಾರೋ ‘ಅದು ಉರ್ದು, ಕನ್ನಡ ಅಲ್ಲ’ ಎಂದು ಕೂಗಿದರು. ನಮ್ಮ ಮನೆಮಾತು ಉರ್ದು ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಅಕ್ಕಪಕ್ಕದವರೆಲ್ಲ ತೀರ್ಪಿಗಾಗಿ ನನ್ನ ಮುಖ ನೋಡಿದರು. ‘ನಮ್ಮ ಮನೆಯಲ್ಲಿ ಆ ಪದಕ್ಕೆ ಬೇರೆ ಅರ್ಥ ಇದೆ’ ಎಂದಷ್ಟೇ ಹೇಳಿದೆ. ಆಮೇಲೆ ನಿಘಂಟುಗಳಲ್ಲಿ ಹುಡುಕಿದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನೆಯ ‘ಸಖ್ತ್’, ಬೀದಿಯ ‘ಸಖತ್’

ಪರ್ಷಿಯನ್ನಿನಿಂದ ಉರ್ದುವಿಗೆ ಬಂದ ‘ಸಖ್ತ್’ ಎಂಬ ಪದಕ್ಕೆ ಗಟ್ಟಿ, ಕಠಿಣ, ಕಟ್ಟುನಿಟ್ಟು ಎಂಬ ಅರ್ಥಗಳಿವೆ. ಏಪ್ರಿಲ್ ತಿಂಗಳ ಬಿಸಿಲು ಸಖ್ತ್. ಒಂದು ಮಾರ್ಕನ್ನೂ ಸುಮ್ಮನೆ ಕೊಡದ ಮೇಷ್ಟ್ರು ಸಖ್ತ್. ಬೆಳಗ್ಗೆ ಮಾಡಿದ ರೊಟ್ಟಿ ಸಂಜೆಗೆ ಒಣಗಿದರೆ ಅದೂ ಸಖ್ತ್. ನಮ್ಮ ನಾನಿ ‘ರೋಟಿ ಸಖ್ತ್ ಹೈ’ ಎಂದರೆ ಅದು ದೂರು, ಅಮ್ಮಿಯ ಮುಖ ಸಪ್ಪಗಾಗುತ್ತದೆ. ಅದೇ ಮಾತನ್ನು ಪಕ್ಕದ ಮನೆಯವರು ‘ರೊಟ್ಟಿ ಸಖತ್ತಾಗದೆ’ ಎಂದರೆ ಅಮ್ಮಿ ಇನ್ನೊಂದು ಬಡಿಸುತ್ತಾರೆ. ನನಗೆ ತಿಳಿದಂತೆ ಎರಡೂ ಅರ್ಥದಲ್ಲಿ ಸಖತ್ ಆಗಿರುವುದು ಮದ್ದೂರು ವಡೆ ಒಂದೇ!

ಗಟ್ಟಿ ಎಂಬ ಅರ್ಥದ ಪದ ಹೊಗಳಿಕೆ ಆದದ್ದು ಹೇಗೆ? ಆ ದಾರಿಯ ಒಂದೊಂದು ಮೆಟ್ಟಿಲೂ ಇವತ್ತಿನ ಮಾತಿನಲ್ಲೇ ಇದೆ. ‘ಸಖತ್ ಬಿಸಿಲು’ ಎಂದರೆ ಕಠಿಣ ಬಿಸಿಲು ಎಂದೂ ಆಗುತ್ತದೆ, ತುಂಬಾ ಬಿಸಿಲು ಎಂದೂ ಆಗುತ್ತದೆ. ‘ಸಖತ್ ಜನ’ ಎನ್ನುವಾಗ ಕಠಿಣ ಎಂಬ ಅರ್ಥ ಬಿದ್ದುಹೋಗಿ ‘ತುಂಬಾ’ ಮಾತ್ರ ಉಳಿಯಿತು. ‘ಸಖತ್ ರುಚಿ’ ಎಂದಾಗ ಆ ‘ತುಂಬಾ’ ಒಳ್ಳೆಯದರ ಜೊತೆ ಸೇರಿತು. ಕೊನೆಗೆ ‘ರುಚಿ’ಯನ್ನೂ ಬಿಟ್ಟು ಬರೀ ‘ಸಖತ್’ ಎಂದರೆ ಸಾಕು ಎಂದಾಯಿತು.

ಇಂಗ್ಲಿಷಿನಲ್ಲೂ ಇದೇ ಕತೆ

ಇದು ಕನ್ನಡದ್ದೊಂದೇ ಗುಣ ಎಂದುಕೊಂಡಿದ್ದೆ. ಇಂಗ್ಲಿಷ್ ನಿಘಂಟು ತೆರೆದಾಗ ಅಲ್ಲೂ ಹಾಗೇ ಇತ್ತು. ನಾವು ದಿನಾ ಬಳಸುವ ‘ಆಸಮ್’ ಮತ್ತು ತೀರಾ ಕೆಟ್ಟದ್ದು ಎಂಬ ಅರ್ಥದ ‘ಆಫುಲ್’ ಒಂದೇ ತಾಯಿಯ ಮಕ್ಕಳು. ಎರಡಕ್ಕೂ ಮೂಲ ‘ಆ’ ಎಂಬ ಪುಟ್ಟ ಪದ. ದೊಡ್ಡದರ ಮುಂದೆ ನಿಂತಾಗ ಹುಟ್ಟುವ ಭಯ, ಭಕ್ತಿ, ಬೆರಗು ಮೂರೂ ಸೇರಿದ ಭಾವ ಅದು. ಒಬ್ಬ ಮಗ ಹೊಗಳಿಕೆಯ ಕಡೆ ಹೋದ, ಇನ್ನೊಬ್ಬ ತೆಗಳಿಕೆಯ ಕಡೆ. ‘ಟೆರಿಫಿಕ್’ ಕೂಡ ಹಾಗೆಯೇ. ಟೆರರ್ ಎಂಬ ಪದದ ಹತ್ತಿರದ ನೆಂಟ ಅದು, ಮೊದಲ ಅರ್ಥ ಹೆದರಿಕೆ ಹುಟ್ಟಿಸುವುದು ಎಂದು. ಈಗ ಟೆರಿಫಿಕ್ ಬ್ಯಾಟಿಂಗ್ ಎಂದರೆ ಯಾರೂ ಹೆದರುವುದಿಲ್ಲ, ಎದುರಾಳಿ ಬೌಲರ್ ಒಬ್ಬನನ್ನು ಬಿಟ್ಟು.

ಆ ‘ಆ’ ಎಂಬ ಪದ ಇಂಗ್ಲಿಷಿನ ಸ್ವಂತದ್ದೂ ಅಲ್ಲ. ಸಾವಿರ ವರ್ಷಗಳ ಹಿಂದೆ ಇಂಗ್ಲೆಂಡಿಗೆ ದೋಣಿಯಲ್ಲಿ ಬಂದ ವೈಕಿಂಗರ ಭಾಷೆಯಿಂದ ಬಂದದ್ದು. ಅವರ ಭಾಷೆಯಲ್ಲಿ ಅದು ‘ಅಗಿ’. ಆ ಹಳೆಯ ಭಾಷೆಗೆ ಇವತ್ತು ಅತಿ ಹತ್ತಿರ ಇರುವುದು ಐಸ್‌ಲ್ಯಾಂಡಿನ ಭಾಷೆ. ಅಲ್ಲಿ ‘ಅಗಿ’ ಈಗಲೂ ಇದೆ. ಅರ್ಥ ಮಾತ್ರ ಶಿಸ್ತು! ಒಂದೇ ಪದ ಇಂಗ್ಲೆಂಡಿನಲ್ಲಿ ಹೊಗಳಿಕೆಯ ಬೇರಾಯಿತು, ಐಸ್‌ಲ್ಯಾಂಡಿನಲ್ಲಿ ಶಿಸ್ತಾಯಿತು. ನಮ್ಮ ಕತೆಯೂ ಅದೇ ಅಲ್ಲವೇ? ‘ಸಖ್ತ್’ ನಮ್ಮ ಮನೆಯಲ್ಲಿ ಕಟ್ಟುನಿಟ್ಟು, ಬೀದಿಗೆ ಇಳಿದರೆ ಅದ್ಭುತ. ಐಸ್‌ಲ್ಯಾಂಡಿನವರು ಅದ್ಭುತ ಎನ್ನಲು ಬಳಸುವ ಪದಗಳಲ್ಲಿ ‘ಐದಿಸ್ಲೆಗುರ್’ ಒಂದು. ಅದರ ಮೂಲ ಅರ್ಥ ಉನ್ಮಾದ, ಅಂದರೆ ಹುಚ್ಚು. ನಾವು ‘ಮಸ್ತ್’ ಎನ್ನುತ್ತೇವಲ್ಲ, ಅದರ ಮೂಲ ಅರ್ಥವೂ ಅಮಲೇರಿದ ಸ್ಥಿತಿ ಎಂದೇ.

ಹೀಗೆ ನೋಡಿದರೆ ಜನ ಎಲ್ಲೇ ಇರಲಿ, ಮೆಚ್ಚುಗೆಯ ದೊಡ್ಡ ಪದಗಳನ್ನು ಒಳ್ಳೆಯತನದಿಂದ ಮಾಡಿಕೊಂಡಿಲ್ಲ. ಭಯ, ಬಲ, ಹುಚ್ಚು ಇವುಗಳಿಂದ ಮಾಡಿಕೊಂಡಿದ್ದಾರೆ. ‘ಭಯಂಕರ ಚೆನ್ನಾಗಿದೆ’ ಎಂದು ನಾವೂ ಹೇಳುತ್ತೇವೆ. ಅಪಾಯಕಾರಿ ಎಂಬ ಅರ್ಥದ ‘ಖತರ್ನಾಕ್’ ಈಗ ಒಳ್ಳೆಯ ಐಡಿಯಾಗೂ ಸಲ್ಲುತ್ತದೆ. ಕಾರಣ ತಿಳಿಯಬೇಕಾದರೆ ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಗೆ ಮಳೆಗಾಲದಲ್ಲಿ ಹೋಗಿ ನಿಲ್ಲಬೇಕು. ಕಬಿನಿ, ಕೆಆರ್‌ಎಸ್ ತುಂಬಿ ನೀರು ಬಿಟ್ಟಾಗ ಕಾವೇರಿ ಬೀಳುವ ಸದ್ದಿಗೆ ಮೊದಲು ಎದೆ ನಡುಗುತ್ತದೆ, ಆಮೇಲೆ ಕಣ್ಣು ಕೀಳಲು ಆಗುವುದಿಲ್ಲ. 1902ರಲ್ಲಿ ಇದೇ ಶಿವನಸಮುದ್ರದ ನೀರಿನಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು ಎಂದು ಓದಿದಾಗ ಆ ನಡುಕದ ಬೆಲೆ ಗೊತ್ತಾಗುತ್ತದೆ. ಇಂಥ ನೋಟಕ್ಕೆ ಕನ್ನಡ ಬರಹಗಾರರು ಬಳಸುವ ಪದ ‘ರುದ್ರರಮಣೀಯ’. ಭಯವನ್ನೂ ಚೆಲುವನ್ನೂ ಒಂದೇ ಪದದಲ್ಲಿ ಕಟ್ಟಿದ್ದಾರೆ. ‘ಆಸಮ್’ ಪದದ ಹಳೆಯ ಅರ್ಥಕ್ಕೆ ಇದಕ್ಕಿಂತ ಸರಿಯಾದ ಕನ್ನಡ ನನಗೆ ಕಾಣಲಿಲ್ಲ.

‘ಇಂಪ್ರೆಸ್’ ಎಂಬ ಪದಕ್ಕಂತೂ ಮಂಡ್ಯದವರು ನಿಘಂಟು ನೋಡಬೇಕಾಗಿಲ್ಲ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಒಳಕ್ಕೆ ಒತ್ತುವುದು, ಗುರುತು ಮೂಡಿಸುವುದು. ನಾವು ‘ಮನಸ್ಸಿನಲ್ಲಿ ಅಚ್ಚೊತ್ತಿದ ಹಾಗಿದೆ’ ಎನ್ನುತ್ತೇವಲ್ಲ, ಅದೇ. ಆಲೆಮನೆಯಲ್ಲಿ ಬಿಸಿ ಪಾಕವನ್ನು ಅಚ್ಚಿಗೆ ಹಾಕಿ ಆರಿಸಿದರೆ ಅಚ್ಚುಬೆಲ್ಲ. ಕಣ್ಣಿಗೆ ಬಿದ್ದದ್ದು ಮನಸ್ಸಿನಲ್ಲಿ ಹಾಗೆ ರೂಪ ತಳೆದು ಉಳಿದರೆ ಇಂಪ್ರೆಸಿವ್.

ನಮ್ಮ ಮನೆಯಿಂದ ಹೊರಟ ಇನ್ನಷ್ಟು ಪದಗಳು

‘ಸಖತ್’ ಒಂಟಿಯಾಗಿ ಬಂದದ್ದಲ್ಲ. ಕನ್ನಡದಲ್ಲಿ ಮೆಚ್ಚುಗೆ ಹೇಳುವ ಎಷ್ಟೋ ಪದಗಳು ಪರ್ಷಿಯನ್, ಅರಬ್ಬಿ ಮೂಲದವು.

ಶಹಬ್ಬಾಸ್: ಪರ್ಷಿಯನ್ನಿನ ‘ಶಾದ್ ಬಾಶ್’. ಸಂತೋಷವಾಗಿರು ಎಂಬ ಹಾರೈಕೆ. ಕನ್ನಡ ಇದಕ್ಕೆ ಬಾಲ ಸೇರಿಸಿ ‘ಶಹಬ್ಬಾಸ್‌ಗಿರಿ’ಯನ್ನೂ ಮಾಡಿಕೊಂಡಿದೆ.

ಭೇಷ್: ಪರ್ಷಿಯನ್ನಿನ ‘ಬೇಶ್’, ಅಂದರೆ ಹೆಚ್ಚು.

ಕಮಾಲ್: ಅರಬ್ಬಿಯಲ್ಲಿ ಪರಿಪೂರ್ಣತೆ. ಕನ್ನಡದಲ್ಲಿ ‘ಕಮಾಲ್ ಮಾಡಿದ’ ಎಂದರೆ ಚಮತ್ಕಾರ ಮಾಡಿದ ಎಂದು.

ಪಸಂದ್: ಉರ್ದುವಿನಲ್ಲಿ ಇಷ್ಟ. ನಮ್ಮ ಹಳ್ಳಿಗಳಲ್ಲಿ ‘ಪಸಂದಾಗದೆ’ ಎಂದರೆ ಬಲು ಚೆನ್ನಾಗಿದೆ.

ಭರ್ಜರಿ: ಮರಾಠಿಯಲ್ಲಿ ‘ಭರಜರಿ’ ಎಂದರೆ ಜರಿ ತುಂಬಿದ ಬಟ್ಟೆ. ‘ಜರಿ’ ಬಂದದ್ದು ಚಿನ್ನ ಎಂಬ ಅರ್ಥದ ಪರ್ಷಿಯನ್ ‘ಜರ್’ ಪದದಿಂದ. ಭರ್ಜರಿ ಊಟ ಎನ್ನುವಾಗ ಎಲೆಯ ಮೇಲೆ ಜರಿ ಇಲ್ಲದಿದ್ದರೂ ಪದದಲ್ಲಿ ಇದೆ.

ಜಬರ್ದಸ್ತ್: ‘ಜಬರ್’ ಎಂದರೆ ಮೇಲೆ, ‘ದಸ್ತ್’ ಎಂದರೆ ಕೈ. ಮೇಲುಗೈ! ಉರ್ದು ಅಥವಾ ಕುರಾನ್ ಓದಲು ಕಲಿತ ಗೆಳೆಯರಿಗೆಲ್ಲ ಜಬರ್, ಜೇರ್, ಪೇಶ್ ನೆನಪಿರುತ್ತದೆ. ಅಕ್ಷರದ ಮೇಲೆ ಹಾಕುವ ಗೆರೆಯೇ ಜಬರ್. ಕನ್ನಡದಲ್ಲಿ ‘ಜಬರ್ದಸ್ತಿನಿಂದ ವಸೂಲಿ ಮಾಡಿದರು’ ಎಂದರೆ ಬಲಾತ್ಕಾರ, ‘ಜಬರ್ದಸ್ತ್ ಸಿನಿಮಾ’ ಎಂದರೆ ಹೊಗಳಿಕೆ.

ಇನ್ನೂ ಒಂದು ವಿಷಯ. ಸ್ಪರ್ಧೆಯಲ್ಲಿ ಔಟ್ ಆದ ‘ಸೂಪರ್’ ಇದೆಯಲ್ಲ, ಲ್ಯಾಟಿನ್ನಿನಲ್ಲಿ ಅದರ ಅರ್ಥವೂ ‘ಮೇಲೆ’ ಎಂದೇ. ಸಂಸ್ಕೃತದ ‘ಉಪರಿ’, ಲ್ಯಾಟಿನ್ನಿನ ‘ಸೂಪರ್’, ಇಂಗ್ಲಿಷಿನ ‘ಓವರ್’ ಎಲ್ಲವೂ ಒಂದೇ ಬೇರಿನಿಂದ ಬಂದವು. ಪರ್ಷಿಯನ್ ‘ಜಬರ್’ ಪದದೊಳಗೂ ಅದೇ ಬೇರು ಇದೆ. ದೊಡ್ಡದು ಎಂದರೆ ಮೇಲಿರುವುದು ಎಂದು ಅಷ್ಟೂ ಜನ ಅಂದುಕೊಂಡಿದ್ದಾರೆ.

ಇವೆಲ್ಲ ಇಲ್ಲಿಗೆ ಬಂದದ್ದು ಹೇಗೆ? ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣ 1799ರವರೆಗೆ ರಾಜಧಾನಿ. ಹೈದರ್, ಟಿಪ್ಪು ಕಾಲದ ಆಡಳಿತದಲ್ಲಿ ಪರ್ಷಿಯನ್ನಿಗೆ ದೊಡ್ಡ ಜಾಗ ಇತ್ತು. ಅದಕ್ಕೂ ಮುಂಚೆ ಬಿಜಾಪುರದವರು, ಮೊಘಲರು, ಮರಾಠರು ಈ ನಾಡಿನಲ್ಲಿ ಕಂದಾಯ ಎತ್ತಿದ್ದರು. ಕಚೇರಿಯ ಭಾಷೆ ಲೆಕ್ಕದ ಪುಸ್ತಕಕ್ಕೆ ಬಂತು, ಅಲ್ಲಿಂದ ಸಂತೆಗೆ ಬಂತು. ಕಾಮರ್ಸ್ ಓದುವ ನನಗೆ ಇದು ಚೆನ್ನಾಗಿ ಕಾಣುತ್ತದೆ: ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ, ಅಸಲು ಎಲ್ಲವೂ ಅದೇ ದಾರಿಯಲ್ಲಿ ಬಂದವು. ಅಷ್ಟೇಕೆ, ‘ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ’ ಎಂದು ವಿಳಾಸ ಬರೆದರೆ ಅದರಲ್ಲಿ ಎರಡು ಅರಬ್ಬಿ ಪದಗಳಿವೆ.

ಹಾಗಾದರೆ ಕನ್ನಡವೋ ಅಲ್ಲವೋ?

ಐಸ್‌ಲ್ಯಾಂಡಿನ ಜನಸಂಖ್ಯೆ ಸುಮಾರು ನಾಲ್ಕು ಲಕ್ಷ. 2011ರ ಗಣತಿಯಲ್ಲಿ ಮಂಡ್ಯ ಜಿಲ್ಲೆಯೊಂದರಲ್ಲೇ 18 ಲಕ್ಷ ಜನ ಇದ್ದರು. ಅಷ್ಟು ಚಿಕ್ಕ ದೇಶ ತನ್ನ ಭಾಷೆ ಉಳಿಸಿಕೊಳ್ಳಲು ಹೊರಗಿನ ಪದಗಳನ್ನು ಆದಷ್ಟು ದೂರ ಇಡುತ್ತದೆ. ಕಂಪ್ಯೂಟರಿಗೂ ಸ್ವಂತ ಪದ ಮಾಡಿಕೊಂಡಿದೆ: ‘ಟೋಲ್ವ’. ಸಂಖ್ಯೆ ಎಂಬ ಪದವನ್ನೂ ಭವಿಷ್ಯ ಹೇಳುವವಳು ಎಂಬ ಪದವನ್ನೂ ಸೇರಿಸಿ ಕಟ್ಟಿದ್ದು. ಜನ ಅದನ್ನೇ ಬಳಸುತ್ತಾರೆ. ನಾವೂ ‘ಗಣಕಯಂತ್ರ’ ಮಾಡಿಕೊಂಡೆವು, ಬೋರ್ಡಿನ ಮೇಲೆ ಬರೆದೆವು, ಮಾತಿನಲ್ಲಿ ಕಂಪ್ಯೂಟರ್ ಎಂದೇ ಉಳಿಸಿಕೊಂಡೆವು. ಅವರ ದಾರಿ ಅವರಿಗೆ ಸರಿ. ಕನ್ನಡದ ದಾರಿ ಬೇರೆ: ಬಂದ ಪದವನ್ನು ಒಳಗೆ ಕರೆದು, ಊಟ ಹಾಕಿ, ತನ್ನ ಕೆಲಸಕ್ಕೆ ಹಚ್ಚುವುದು.

ನಿಘಂಟು ಮಾಡಿದವರು ಇದನ್ನು ಒಪ್ಪಿಕೊಂಡಿದ್ದಾರೆ. 1894ರ ಕಿಟ್ಟೆಲ್ ನಿಘಂಟಿನಲ್ಲೇ ಹಿಂದೂಸ್ತಾನಿ ಪದಗಳಿಗೆ ಜಾಗ ಇದೆ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಮನೆತನದ ಜಿ. ವೆಂಕಟಸುಬ್ಬಯ್ಯನವರು (1913–2021) ಕನ್ನಡಕ್ಕೆ ಬಂದ ಪದಗಳಿಗೆಂದೇ ‘ಎರವಲು ಪದಕೋಶ’ ಮಾಡಿದರು.

ಎರವಲು ಎಂದರೆ ಸಾಲ. ಆದರೆ ಈ ಸಾಲಕ್ಕೆ ಒಂದು ವಿಶೇಷ ಇದೆ: ಕೊಟ್ಟವರಿಗೆ ಏನೂ ಕಡಿಮೆಯಾಗಿಲ್ಲ, ಪಡೆದವರು ಅದನ್ನು ಬೇರೆಯದೇ ಆಸ್ತಿಯಾಗಿ ಮಾಡಿಕೊಂಡಿದ್ದಾರೆ. ನನ್ನ ಲೆಕ್ಕದಲ್ಲಿ ಪದವೊಂದು ಕನ್ನಡದ್ದಾಯಿತು ಎನ್ನಲು ಎರಡು ಪರೀಕ್ಷೆ ಸಾಕು. ಒಂದು, ಅದು ಕನ್ನಡದ ವ್ಯಾಕರಣಕ್ಕೆ ಬಗ್ಗಬೇಕು. ‘ಸಖತ್ತಾಗಿ’, ‘ಸಖತ್ತಾಗದೆ’ ಎಂದು ಬಗ್ಗಿದೆ. ಎರಡು, ಅದಕ್ಕೆ ಕನ್ನಡದಲ್ಲಿ ಸ್ವಂತ ಅರ್ಥ ಇರಬೇಕು. ಚೆನ್ನಾಗಿದೆ ಎಂಬ ಅರ್ಥದ ‘ಸಖತ್’ ಉರ್ದುವಿನಲ್ಲಿ ಇಲ್ಲ. ನಾನು ಮನೆಯಲ್ಲಿ ಮರೆತು ‘ಬಿರಿಯಾನಿ ಸಖತ್ ಹೈ’ ಎಂದರೆ ನಾನಿ ‘ಅನ್ನ ಬೆಂದಿಲ್ಲವಾ?’ ಎಂದು ಕೇಳುತ್ತಾರೆ. ‘ಸೂಪರ್’ ಮೊದಲ ಪರೀಕ್ಷೆ ಪಾಸಾಗಿದೆ, ‘ಸೂಪರಾಗಿದೆ’ ಎನ್ನುತ್ತೇವೆ. ಎರಡನೆಯದರಲ್ಲಿ ಇನ್ನೂ ಪಾಸಾಗಿಲ್ಲ, ಅರ್ಥ ಇಂಗ್ಲಿಷಿನದೇ. ಕಾದು ನೋಡೋಣ.

ಇಷ್ಟು ಬರೆದದ್ದು ಒಂದು ಪದ ಗೆಲ್ಲಲಿ ಎಂದಲ್ಲ. ಉರ್ದು ಮನೆಯ ಮಕ್ಕಳ ಕನ್ನಡವನ್ನು ಅರ್ಧ ಕನ್ನಡ ಎಂದು ಹೊರಗೆ ಹೇಳುವವರಿದ್ದಾರೆ. ಕನ್ನಡ ಬೆರೆತು ಮಕ್ಕಳ ಉರ್ದು ಕೆಟ್ಟಿತು ಎಂದು ಮನೆಯೊಳಗೆ ಹೇಳುವವರೂ ಇದ್ದಾರೆ. ಎರಡೂ ಕಡೆ ಅರ್ಧ ಎನಿಸಿಕೊಂಡರೆ ನಮಗೆ ಇಡಿಯಾದ ಭಾಷೆ ಯಾವುದು ಎಂಬ ಪ್ರಶ್ನೆ ನಮ್ಮಂಥ ಬಹಳ ಜನರಿಗೆ ಇದೆ. ಕೂಗಿದವರಿಗೆ ನನ್ನ ಉತ್ತರ ಇಷ್ಟೇ: ‘ಸಖತ್’ ಹುಟ್ಟಿದ್ದು ನಮ್ಮ ಮನೆಯ ಕಡೆ, ಬೆಳೆದದ್ದು ಕನ್ನಡದಲ್ಲಿ, ಈಗ ಅದು ಪೂರಾ ಕನ್ನಡದ್ದು. ನಾವೂ ಹಾಗೇ. ಮನೆಯಲ್ಲಿ ಉರ್ದು ಮಾತಾಡುತ್ತಲೇ ನಿಸಾರ್ ಅಹಮದ್, ಬಾನು ಮುಷ್ತಾಕ್ ಬರೆದದ್ದು ಅರ್ಧ ಕನ್ನಡದಲ್ಲಲ್ಲ.

ಕೊನೆಗೆ ಪರೀಕ್ಷೆಗೆ ಉಪಯೋಗವಾಗುವ ಒಂದು ಮಾತು. ಅರ್ಥಶಾಸ್ತ್ರದಲ್ಲಿ ಹಣದುಬ್ಬರ ಓದಿದ್ದೇವೆ: ನೋಟು ಹೆಚ್ಚಾದರೆ ಬೆಲೆ ಇಳಿಯುತ್ತದೆ. ಪದಗಳೂ ಹಾಗೆಯೇ. ಟೀಗೂ ಅದ್ಭುತ, ಪೆನ್ನಿಗೂ ಅದ್ಭುತ ಎಂದರೆ ಗಗನಚುಕ್ಕಿಗೆ ಹೇಳಲು ಏನೂ ಉಳಿಯುವುದಿಲ್ಲ. ಪ್ರಬಂಧದಲ್ಲಿ ಕಟ್ಟಡಕ್ಕೆ ‘ಭವ್ಯ’, ವ್ಯಕ್ತಿತ್ವಕ್ಕೆ ‘ಘನ’, ಜಲಪಾತಕ್ಕೆ ‘ರುದ್ರರಮಣೀಯ’ ಬಳಸಿ. ಕ್ಯಾಂಟೀನಿಗೆ ‘ಸಖತ್’ ಇದ್ದೇ ಇದೆ.

ನಿಮ್ಮ ಮನೆಯಲ್ಲಿ ತಮಿಳು, ತೆಲುಗು, ಮಲಯಾಳಂ, ಮರಾಠಿ, ಬ್ಯಾರಿ ಯಾವುದೇ ಇರಲಿ, ಮೆಚ್ಚುಗೆಗೆ ಬಳಸುವ ಒಂದು ಪದವನ್ನು ಅರ್ಥದೊಂದಿಗೆ ಚೀಟಿಯಲ್ಲಿ ಬರೆದು ಪತ್ರಿಕೆಯ ಡಬ್ಬಿಗೆ ಹಾಕಿ. ಮುಂದಿನ ಸಂಚಿಕೆಗೆ ನಮ್ಮ ಕಾಲೇಜಿನದೇ ಒಂದು ಪಟ್ಟಿ ಮಾಡೋಣ.