ಹಿನ್ನೀರಿಗೆ ಬಲೆ ಹಾಕುವವರು

ವಿಜಯಪುರ ಜಿಲ್ಲೆ ಎಂದರೆ ಜೋಳ, ತೊಗರಿ, ದ್ರಾಕ್ಷಿ, ಇಂಡಿಯ ಲಿಂಬೆ. ಜೊತೆಗೆ ಬರ. ಇಲ್ಲಿಯ ಮೀನಿನ ಮಾತನ್ನು ಎತ್ತುವವರು ಕಡಿಮೆ. ಆದರೆ ನಕಾಶೆ ತೆಗೆದು ನೋಡಿ: ಬಡಗಲಲ್ಲಿ ಇಂಡಿ, ಸಿಂದಗಿ ತಾಲ್ಲೂಕುಗಳ ಅಂಚಿಗೆ ಭೀಮೆ, ತೆಂಕಲಲ್ಲಿ ಬಸವನ ಬಾಗೇವಾಡಿ, ಮುದ್ದೇಬಿಹಾಳದ ಅಂಚಿಗೆ ಕೃಷ್ಣೆ, ನಡುವೆ ಉಪ್ಪುನೀರಿನ ಡೋಣಿ. ಈ ದಂಡೆಗಳ ಊರೂರಲ್ಲಿ ಅಂಬಿಗರ, ಕಬ್ಬಲಿಗರ, ಕೋಲಿಗಳ ಮನೆಗಳಿವೆ. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯ ಇವರಿಗೆ ಮನೆಯ ಹಿರಿಯನಿದ್ದಂತೆ.

ಹಿಂದೆ ಇವರ ಕಸುಬು ಎರಡು ತೆರನಾಗಿತ್ತು. ಹೊಳೆ ತುಂಬಿದಾಗ ಹರಿಗೋಲಿನಲ್ಲಿ ಜನರನ್ನು ದಾಟಿಸುವುದು, ಇಳಿದಾಗ ಮಡುಗಳಲ್ಲಿ ಬೀಸುಬಲೆ, ಗಾಳ ಹಿಡಿದು ಮೀನು ಹಿಡಿಯುವುದು. ಸೇತುವೆಗಳು ಬಂದು ಮೊದಲನೆಯ ಕೆಲಸ ಮುಗಿಯುತ್ತ ಬಂತು. ಎರಡನೆಯದನ್ನು ಅಣೆಕಟ್ಟುಗಳು ಬೇರೆಯದೇ ಕಸುಬು ಮಾಡಿದವು.

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟರು. ಕೆಳಗಿನ ನಾರಾಯಣಪುರದ ಬಸವಸಾಗರ ಮೊದಲು, 1982ರಲ್ಲಿ ಮುಗಿಯಿತು; ಆಲಮಟ್ಟಿ ತುಂಬಲು ಹೊಸ ಶತಮಾನವೇ ಬರಬೇಕಾಯಿತು. ಇಂದು ಆಲಮಟ್ಟಿಯ ನೀರು ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರದಲ್ಲಿ ನಿಲ್ಲುತ್ತದೆ, ತುಂಬಿದಾಗ 123 ಟಿಎಂಸಿ. ಅದರಡಿ ಹೊಲ, ಮನೆ, ಗುಡಿಗಳು ಮುಳುಗಿದವು. ಆ ಸಂಕಟವನ್ನು ಬದಿಗಿಟ್ಟು ಇಲ್ಲಿಯ ಮೀನುಗಾರಿಕೆಯ ಮಾತಾಡುವುದು ಸರಿಯಲ್ಲ. ಇಂದು ತೆಪ್ಪ ತೇಲುವುದು ಒಂದು ಕಾಲದ ಎರೆಹೊಲಗಳ ಮೇಲೆ.

ಹೊಳೆಯ ಮೀನುಗಾರನಿಗೆ ಪ್ರತಿ ಮಡುವಿನ ಆಳ ಗೊತ್ತಿರುತ್ತಿತ್ತು. ಹಿನ್ನೀರಿನಲ್ಲಿ ಆ ತಿಳಿವಳಿಕೆ ಸಾಲದು; ಗಾಳಿಯ ದಿಕ್ಕು, ಅಲೆಯ ಎತ್ತರ, ದಿನದಿನಕ್ಕೆ ಸರಿಯುವ ದಂಡೆ ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಬಿದಿರಿನ ಹೆಣಿಗೆಗೆ ಒಂದು ಕಾಲಕ್ಕೆ ತೊಗಲು ಹೊದಿಸುತ್ತಿದ್ದ ತೆಪ್ಪಕ್ಕೆ ಈಗ ಡಾಂಬರು ಬಳಿದ ಹಾಳೆ. ಹಲವೆಡೆ ಇಡೀ ತೆಪ್ಪವೇ ಫೈಬರಿನದು. ಸಂಜೆ ಹೋಗಿ ನೈಲಾನ್ ಬಲೆಯನ್ನು ನೀರಿನಲ್ಲಿ ಗೋಡೆಯಂತೆ ಇಳಿಬಿಡುತ್ತಾರೆ. ಮೇಲಂಚು ತೇಲಲು ಥರ್ಮಾಕೋಲ್ ತುಂಡು, ಕೆಳಂಚು ಮುಳುಗಲು ಸೀಸದ ಗುಂಡು. ಕತ್ತಲಲ್ಲಿ ಬಲೆಯ ಕಣ್ಣಿಗೆ ತಲೆ ತೂರಿಸಿದ ಮೀನು ಕಿವಿರು ಸಿಕ್ಕಿ ನಿಲ್ಲುತ್ತದೆ. ನಸುಕಿನಲ್ಲಿ ಒಬ್ಬರು ಹುಟ್ಟು ಹಾಕುತ್ತಾರೆ, ಇನ್ನೊಬ್ಬರು ಬಲೆ ಎಳೆದು ಮೀನು ಬಿಡಿಸುತ್ತಾರೆ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಅವು ಬಲೆ ಹರಿಯುತ್ತವೆ, ಮನುಷ್ಯರ ಮೇಲೂ ಬೀಳುತ್ತವೆ. ಇಷ್ಟು ಗಂಡಾಂತರದ ದುಡಿಮೆಗೆ ನಾವು ಕೊಡುವ ಗೌರವ ಬಹಳ ಕಡಿಮೆ.

ಬಲೆಗೆ ಬೀಳುವುದು ಹೆಚ್ಚಾಗಿ ಕಟ್ಲಾ, ರೋಹು, ಮೃಗಾಲ್. ಮೂರೂ ಮೂಲದಲ್ಲಿ ಗಂಗಾ ಬಯಲಿನವು. ಕಟ್ಲಾ ಮೇಲ್ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದೇ ಕೆರೆಯಲ್ಲಿ ಮೂರಕ್ಕೂ ಹೊಟ್ಟೆ ತುಂಬುತ್ತದೆ. ಆದರೆ ಇವು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ, ಮುಂಗಾರಿನ ಹರಿವ ಹೊಸನೀರೇ ಬೇಕು. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಕಾರ್ಪ್ ಜಾತಿಯ ಮೀನು ಸಾಕಣೆಯಲ್ಲೇ ಮೊಟ್ಟೆಯಿಡುವಂತೆ ಮಾಡಿದರು. ಆ ದಿನವೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ. ನಮ್ಮ ಕೆರೆಗಳಿಗೆ ವರ್ಷವರ್ಷ ಬಿಡುವ ಬೆರಳುದ್ದದ ಮರಿಗಳ ಹಿಂದೆ ಆ ಪ್ರಯೋಗವಿದೆ. ಈ ವಿಷಯದಲ್ಲಿ ಮಾರ್ಗದರ್ಶನ ಬೇಕಿದ್ದವರಿಗೆ ವಿಜಯಪುರದ ಭೂತನಾಳದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ.

ಭೀಮೆಯ ಕಥೆ ಬೇರೆ. ಮೇಲೆ ಮಹಾರಾಷ್ಟ್ರದ ಉಜನಿ ಜಲಾಶಯ ನೀರು ಬಿಟ್ಟರೆ ಹೊಳೆ, ಇಲ್ಲದಿದ್ದರೆ ಬೇಸಿಗೆಯಲ್ಲಿ ಬರೀ ಉಸುಕು. ನೀರು ನಿಲ್ಲುವುದು ಬಾಂದಾರಗಳ ಹಿಂದೆ ಮಾತ್ರ. 2020ರ ಅಕ್ಟೋಬರಿನಂಥ ಮಹಾಪೂರ ಬಂದರೆ ದಂಡೆಯ ಹೊಲ, ಮನೆಗಳೇ ನೀರಲ್ಲಿ ನಿಲ್ಲುತ್ತವೆ. ಬಲೆ, ತೆಪ್ಪಗಳನ್ನು ಕೇಳುವವರಾರು? ಹೊಳೆಯಲ್ಲೇ ಹುಟ್ಟಿ ಬೆಳೆವ ಬಾಳೆಮೀನು, ಹಾವುಮೀನು, ಚೇಳುಮೀನುಗಳಿಗೂ ಹೀಗೆ ಒಮ್ಮೆ ಒಣಗಿ ಒಮ್ಮೆ ಉಕ್ಕುವ ನೀರು ಹಿತವಲ್ಲ.

ಈಚಿನ ವರ್ಷಗಳಲ್ಲಿ ಮುಳವಾಡ, ಚಿಮ್ಮಲಗಿ ಏತ ನೀರಾವರಿಯಿಂದ ಕೃಷ್ಣೆಯ ನೀರು ಒಣಗಿದ್ದ ಕೆರೆಗಳಿಗೂ ಬಂದಿದೆ. ನೀರು ಬಂದಲ್ಲಿ ಮೀನುಮರಿ ಬಿಡಬಹುದು, ಆ ಊರಿಗೆ ಒಂದು ಆದಾಯ ಹುಟ್ಟಬಹುದು. ಇಲ್ಲೇ ಎಚ್ಚರ ಬೇಕು. ಕೆರೆಯ ಗುತ್ತಿಗೆ ಹಣವಿದ್ದ ಹೊರಗಿನವರ ಪಾಲಾದರೆ ದಂಡೆಯ ಅಂಬಿಗ ತನ್ನ ನೀರಿನಲ್ಲೇ ಕೂಲಿಯಾಗುತ್ತಾನೆ. ಮೀನುಗಾರರ ಸಹಕಾರ ಸಂಘಗಳಿಗೆ, ಅದರಲ್ಲೂ ಮುಳುಗಡೆಯ ಊರುಗಳವರಿಗೆ ಮೊದಲ ಹಕ್ಕು ಸಿಗಬೇಕು. ಕೇಂದ್ರ ಸರ್ಕಾರ ನಿಷೇಧಿಸಿರುವ ಆಫ್ರಿಕನ್ ಕ್ಯಾಟ್‌ಫಿಶ್ ಯಾವ ಕೆರೆಗೂ ಇಳಿಯಕೂಡದು. ಒಮ್ಮೆ ಹೊಳೆ ಸೇರಿದರೆ ಸಣ್ಣಮೀನುಗಳನ್ನೆಲ್ಲ ಅದು ತಿಂದು ಮುಗಿಸುತ್ತದೆ.

ಕೊಳ್ಳುವವರ ಕೈಯಲ್ಲೂ ಒಂದಿಷ್ಟಿದೆ. ಆಲಮಟ್ಟಿಯ ಕಡೆ ಹೋದಾಗ ದಂಡೆಯವರಿಂದಲೇ ಮೀನು ಕೊಳ್ಳಿ. ಇಂಡಿಯ ಲಿಂಬೆ ಹಿಂಡಿ ಹುರಿದು ಜೋಳದ ರೊಟ್ಟಿಯೊಡನೆ ತಿನ್ನಿ. ಅಂಗೈ ಅಗಲದ ಕಟ್ಲಾ ಮರಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ ಎನ್ನಿ. ಮುಂಗಾರಿನ ಹೊಸನೀರಿಗೆ ಮೊಟ್ಟೆ ತುಂಬಿ ಬಂದ ಹೊಳೆಮೀನನ್ನೂ ಕೊಳ್ಳಬೇಡಿ.