ಹಸಿರು ಕಾಫಿಯ ಲೆಕ್ಕ

ಕಳೆದ ಈದ್‌ಗೆ ಸಿಕ್ಕ ಈದಿಯಲ್ಲಿ 900 ರೂಪಾಯಿ ಕೊಟ್ಟು ಒಂದು ಡಬ್ಬ ‘ಗ್ರೀನ್ ಕಾಫಿ’ ತರಿಸಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಡಬ್ಬದಲ್ಲಿ 2 ಗ್ರಾಂನ 30 ಪೊಟ್ಟಣ. ಊಟಕ್ಕೆ ಮೊದಲು ದಿನಕ್ಕೆ ಎರಡು ಕುಡಿದರೆ ಕೊಬ್ಬು ಕರಗುತ್ತದೆ ಎಂದು ಬರೆದಿತ್ತು. ಬೇಗ ಕರಗಲಿ ಎಂದು ನಾನು ಬೆಳಗಿನ ತಿಂಡಿಯನ್ನೂ ಬಿಟ್ಟೆ. ಒಂಬತ್ತನೇ ದಿನ ಅಕೌಂಟೆನ್ಸಿ ಟೆಸ್ಟ್‌ನಲ್ಲಿ ಕೈ ನಡುಗಿ, ಎದೆ ಡವಡವ ಹೊಡೆದು, ಕಣ್ಣು ಕತ್ತಲೆ ಬಂತು. ಮೇಡಂ ಸ್ಟಾಫ್ ರೂಮಿಗೆ ಕರೆದುಕೊಂಡು ಹೋಗಿ ತಮ್ಮ ಡಬ್ಬಿಯ ಅಕ್ಕಿರೊಟ್ಟಿ ತಿನ್ನಿಸಿದರು.

ಅಬ್ಬಾ ಕಾಫಿ ತೋಟದಲ್ಲಿ ರೈಟರ್. ವಿಷಯ ಗೊತ್ತಾದಾಗ ಬೈಯಲಿಲ್ಲ. ಡಬ್ಬ ತಿರುಗಿಸಿ ನೋಡಿ, “ಬೇಟಿ, ನೀನು ಕಾಮರ್ಸ್ ಓದ್ತೀಯಲ್ಲ, ಕಿಲೋಗೆ ಎಷ್ಟು ಬಿತ್ತು ಹೇಳು” ಎಂದರು. 60 ಗ್ರಾಂಗೆ 900 ರೂಪಾಯಿ ಅಂದರೆ ಕಿಲೋಗೆ 15,000. “ಈ ರೇಟು ಸಿಕ್ಕರೆ ನಮ್ಮ ಸಾಹುಕಾರರು ಮೈಸೂರನ್ನೇ ಕೊಂಡುಕೊಳ್ತಾರೆ” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಹಸಿರು ಕಾಫಿ ಎಂದರೆ ಬೇರೇನೂ ಅಲ್ಲ, ಹುರಿಯದ ಕಾಫಿ ಬೀಜ. ದೇಶದಲ್ಲೇ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಹುಟ್ಟಿದ ನನಗೆ ಅದು ಹೊಳೆಯಲೇ ಇಲ್ಲ! ಹಣ್ಣು ಕೊಯ್ದು ಒಣಗಿಸಿ, ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ತೆಗೆದಾಗ ಸಿಗುವ ಬೀಜವೇ ಅದು. ಅದರಲ್ಲಿ ಕ್ಲೋರೋಜೆನಿಕ್ ಆಮ್ಲ ಎಂಬ ಅಂಶವಿದೆ, ಹುರಿದಾಗ ಕಡಿಮೆಯಾಗುತ್ತದೆ. ಮಾರುವವರು ತೂಕ ಇಳಿಸುವ ಗುಣವನ್ನು ಇದರ ತಲೆಗೇ ಕಟ್ಟುತ್ತಾರೆ. ಜೊತೆಗೆ ಕೆಫೀನ್ ಕೂಡ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ನನ್ನ ಎದೆ ಹೊಡೆದುಕೊಂಡದ್ದು ಅದರಿಂದಲೇ ಇರಬೇಕು.

ಈ ಮಾತಿಗೆ ಆಧಾರವೇನೆಂದು ಹುಡುಕಿದರೆ ಕಥೆ ನಮ್ಮ ಬೆಂಗಳೂರಿಗೇ ಬಂತು. ಅಲ್ಲಿ ಕೇವಲ 16 ಜನರ ಮೇಲೆ 22 ವಾರ ನಡೆಸಿದ ಪರೀಕ್ಷೆಯಲ್ಲಿ ಸರಾಸರಿ 8 ಕಿಲೋ ಇಳಿಯಿತು ಎಂದು 2012ರಲ್ಲಿ ಒಂದು ಲೇಖನ ಪ್ರಕಟವಾಯಿತು. ಹಣ ಕೊಟ್ಟದ್ದು ಹಸಿರು ಕಾಫಿಯ ಸಾರ ಮಾರುವ ಅಮೆರಿಕದ ಕಂಪನಿ. ಅದೇ ವರ್ಷ ಡಾ. ಆಜ್ ಎಂಬುವವರ ಟಿವಿ ಕಾರ್ಯಕ್ರಮದಲ್ಲಿ ಹೊಗಳಿಕೆ ಬಂದು ಮಾರಾಟ ಜೋರಾಯಿತು. 2014ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕೆದಕಿದಾಗ ಗೊತ್ತಾದದ್ದು: ಪರೀಕ್ಷೆ ನಡೆಸಿದವರು ಜನರ ತೂಕದ ಅಂಕಿಗಳನ್ನು ಮತ್ತೆ ಮತ್ತೆ ತಿದ್ದಿದ್ದರು, ಯಾರು ಯಾವಾಗ ನಿಜವಾದ ಮಾತ್ರೆ ತಿಂದರು ಎಂಬುದನ್ನೂ ತಪ್ಪಾಗಿ ಬರೆದಿದ್ದರು. ಕಂಪನಿ 35 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಲೇಖನವನ್ನು ವಾಪಸ್ ಪಡೆದರು. ಲೆಡ್ಜರ್ ತಿದ್ದಿದರೆ ನಮಗೆ ಸೊನ್ನೆ, ಆದರೆ ಆ ತಿದ್ದಿದ ಲೆಡ್ಜರ್ ನಂಬಿಸಿದ ಮಾಲು ಇವತ್ತಿಗೂ ಮಾರಾಟದಲ್ಲಿದೆ.

ಆಮೇಲೆ ನನ್ನದೇ ಲೆಕ್ಕ ಬರೆಯಲು ಕುಳಿತೆ. ಮಳೆಗಾಲದ ಮನೆ, ದಿನಕ್ಕೆ ಐದು ಲೋಟ ಚಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಹಿಡಿದರೂ 50 ಗ್ರಾಂ, ಅಂದರೆ 200 ಕ್ಯಾಲೊರಿ. 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಸ್‌ಸ್ಟ್ಯಾಂಡಿನ ಬೇಕರಿ ಪಫ್ಸ್ ಬೇರೆ. ರಂಜಾನ್‌ನಲ್ಲಿ ಒಂದು ತಿಂಗಳು ಉಪವಾಸ ಮಾಡಿಯೂ ತೂಕ ಏಕೆ ಇಳಿಯಲಿಲ್ಲ ಎಂದು ಕೇಳುತ್ತಿದ್ದೆ. ಇಫ್ತಾರ್‌ನ ಸಮೋಸ, ಶರಬತ್ತು ಬರೆದ ಮೇಲೆ ಮತ್ತೆ ಕೇಳಲಿಲ್ಲ.

ಈಗ ಚಾ ಮೂರು ಲೋಟ, ಸಕ್ಕರೆ ಒಂದೊಂದೇ ಚಮಚ. ಊಟದ ಜೊತೆ ಚಾ ಇಲ್ಲ, ಏಕೆಂದರೆ ಅದು ಆಹಾರದ ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ. ತಿಂಡಿ ತಪ್ಪಿಸುವುದಿಲ್ಲ. ಶುಕ್ರವಾರದ ಬಿರಿಯಾನಿ ಬಿಟ್ಟಿಲ್ಲ (ಬಿಟ್ಟರೆ ಅಮ್ಮಿ ಸುಮ್ಮನಿರುತ್ತಾರೆಯೇ?), ಆದರೆ ತಟ್ಟೆಯ ಅರ್ಧ ಸೌತೆಕಾಯಿ, ಸೊಪ್ಪು, ತರಕಾರಿ. ಸಂಜೆ ಎರಡು ಸ್ಟಾಪ್ ಮೊದಲೇ ಇಳಿದು ಏರು ದಾರಿಯಲ್ಲಿ ನಡೆಯುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಪ್ರಕಾರ ವಾರಕ್ಕೆ ಅರ್ಧ ಕಿಲೋ ಇಳಿದರೆ ಸುರಕ್ಷಿತ. ನನಗೆ ಅಷ್ಟೂ ಆಗಲಿಲ್ಲ, ನಾಲ್ಕು ತಿಂಗಳಿಗೆ ನಾಲ್ಕು ಕಿಲೋ. ನಡುವೆ ಒಂದು ಮದುವೆ ಸೀಸನ್ ಬಂದು ಹೋಯಿತು.

ನಮ್ಮದು ಇನ್ನೂ ಬೆಳೆಯುವ ವಯಸ್ಸು. ಥೈರಾಯ್ಡ್, ಪಿಸಿಒಡಿಯಿಂದಲೂ ತೂಕ ಏರಬಹುದು. ಹಾಗೆ ಅನುಮಾನವಿದ್ದರೆ ಡಬ್ಬ ತರಿಸುವ ಮೊದಲು ಹತ್ತಿರದ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿ. ನನ್ನ ಡಬ್ಬದಲ್ಲಿ ಇನ್ನೂ 12 ಪೊಟ್ಟಣ ಉಳಿದಿವೆ, ಯಾರೂ ಕೇಳಬೇಡಿ, ಕೊಡುವುದಿಲ್ಲ.