ಆನ್‌ಲೈನ್ ಹರಾಜಿನಲ್ಲಿ ಸಣ್ಣ ರಾಶಿಯ ಪಾಡು

ನಮ್ಮ ರಾಜ್ಯದ ಕೃಷಿ ಮಾರುಕಟ್ಟೆಗಳನ್ನು ಒಂದುಗೂಡಿಸಲು ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಬಂತು. 2016ರಲ್ಲಿ ಕೇಂದ್ರದ ಇ-ನಾಮ್ ಆರಂಭವಾಯಿತು. ದೂರದೂರಿನ ವರ್ತಕರೂ ಕಂಪ್ಯೂಟರಿನ ಮೂಲಕ ದರ ಹಾಕಿ, ಪೈಪೋಟಿಯಿಂದ ಧಾರಣೆ ಏರಲಿ ಎಂಬುದು ಇವುಗಳ ಉದ್ದೇಶ.

ಆದರೆ 10 ಚೀಲ ಮೆಕ್ಕೆಜೋಳ ತಂದವರಿಗೆ ಇದರ ಫಲ ಸುಲಭವಾಗಿ ಸಿಗದು. ಕಾಣದ ಮಾಲಿಗೆ ದರ ಹಾಕಬೇಕಾದರೆ ಅದರ ತೇವಾಂಶ, ಕಸಕಡ್ಡಿಗಳ ವಿವರ ಬೇಕು. ಪರೀಕ್ಷೆಯಾಗದ ರಾಶಿಗೆ, ಬಂದು ಕೈಯಾಡಿಸಿ ನೋಡುವ ಸ್ಥಳೀಯ ವರ್ತಕರೇ ಗಿರಾಕಿ. ಅಷ್ಟು ಮಾಲಿಗೆ ದೂರದಿಂದ ಲಾರಿ ಕಳಿಸುವವರು ಯಾರು? ಮುಂಗಡ ಪಡೆದಿದ್ದರಂತೂ ದಲ್ಲಾಳಿಯ ಮಂಡಿ ಬಿಡುವಂತಿಲ್ಲ.

ಹಾಗಾದರೆ ಏನು ಮಾಡಬೇಕು? ಮಾಲನ್ನು ಚೆನ್ನಾಗಿ ಒಣಗಿಸಿ, ತೂರಿ ತನ್ನಿ. ನೆರೆಹೊರೆಯವರೊಡನೆ ಸೇರಿ, ಒಂದೇ ಗುಣಮಟ್ಟದ ದೊಡ್ಡ ರಾಶಿ ಮಾಡಿ. ಗುಣಪರೀಕ್ಷೆ ಮಾಡಿಸುವಂತೆ ಮಾರುಕಟ್ಟೆ ಸಮಿತಿಯನ್ನು ಕೇಳಿ. ಬಂದ ದರ ಒಪ್ಪಿಗೆಯಾಗದಿದ್ದರೆ ಮಾರಾಟ ನಿರಾಕರಿಸುವ ಹಕ್ಕು ನಿಮ್ಮದು. ಮಾರುಕಟ್ಟೆ ಶುಲ್ಕ ತೆರಬೇಕಾದವರು ಕೊಳ್ಳುವವರು, ನೀವಲ್ಲ. ತೂಕ, ದರ, ಕಡಿತ ಮೂರನ್ನೂ ಲೆಕ್ಕದ ಚೀಟಿಯಲ್ಲಿ ನೋಡಿಕೊಂಡೇ ಊರಿಗೆ ಹೊರಡಿ.